ಕಂಪನಿಯ ಲೋಗೋ, ನಿಮ್ಮ ಕೈಕೆಲಸ: ಯಾವ ದಾರಿ ಯಾರಿಗೆ?

ಶಿವಮೊಗ್ಗದ ಪ್ರಿಂಟಿಂಗ್ ಅಂಗಡಿಗಳಿಗೆ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ವ್ಯಾಪಾರಿಗಳಲ್ಲ. ಫೋಮ್ ಶೀಟಿನಲ್ಲಿ ಬಸ್ಸಿನ ಮಾದರಿ ಮಾಡುವ ಹುಡುಗರು, ಊರಿನ ಕ್ರಿಕೆಟ್ ಟೂರ್ನಮೆಂಟಿಗೆ ಜೆರ್ಸಿ ಮಾಡಿಸುವವರು, ಕಿರುಚಿತ್ರ ತೆಗೆಯುವ ಕಾಲೇಜು ಮಕ್ಕಳು, ಮನೆಯಲ್ಲೇ ಕೇಕ್ ಮಾಡುವ ಅಕ್ಕಂದಿರು, ಬಟ್ಟೆ ಚೀಲದ ಮೇಲೆ ಹಸೆ ಚಿತ್ತಾರ ಬರೆಯುವವರು. ಮಾತು ಸುತ್ತಿ ಬಳಸಿ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಈ ಕಂಪನಿ ಲೋಗೋ ಹಾಕಿದ್ರೆ ತೊಂದ್ರೆ ಆಗುತ್ತಾ?"

ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆದರೆ ಇರುವ ದಾರಿಗಳು ಬಹಳವೇನಿಲ್ಲ. ಲೋಗೋವನ್ನು ಇದ್ದ ಹಾಗೇ ಹಾಕಿ ಮನೆಯಲ್ಲಿಟ್ಟುಕೊಳ್ಳಬಹುದು. ಊರಿನ ನೋಟದ ಭಾಗವಾಗಿ ಚಿತ್ರದಲ್ಲಿ ತರಬಹುದು. ತಿರುಚಿ ತಮಾಷೆ ಮಾಡಬಹುದು. ಚಿತ್ರ ಬಿಟ್ಟು ಹೆಸರು ಮಾತ್ರ ಬರೆಯಬಹುದು. ಕಂಪನಿಯನ್ನೇ ಕೇಳಬಹುದು. ಇಲ್ಲವಾದರೆ ಸ್ವಂತದ್ದೊಂದು ಮಾಡಿಕೊಳ್ಳಬಹುದು.

ಇವುಗಳಲ್ಲಿ ಒಂದನ್ನು ಆರಿಸುವ ಮೊದಲು ನಾನು ಕೇಳುವುದು ಇಷ್ಟು: ಆ ಲೋಗೋ ನಿಮ್ಮ ಕೃತಿಯೊಳಗೆ ಕೂತು ಏನು ಮಾಡುತ್ತಿದೆ? ಊರನ್ನು ತೋರಿಸುತ್ತಿದೆಯಾ, ಏನಾದರೂ ಮಾತು ಹೇಳುತ್ತಿದೆಯಾ, ಅಥವಾ ನಿಮ್ಮ ಸಾಮಾನನ್ನು ಮಾರಿಕೊಡುತ್ತಿದೆಯಾ? ಮಾರಿಕೊಡುತ್ತಿದೆ ಎಂದಾದರೆ ಅಲ್ಲಿಂದ ಮುಂದೆ ಹೆಜ್ಜೆ ನೋಡಿ ಇಡಬೇಕು.

ಒಂದೇ ಲೋಗೋ, ಎರಡು ಕಾನೂನು

ನಮ್ಮ ದೇಶದಲ್ಲಿ ಲೋಗೋವನ್ನು ಎರಡು ಕಾಯ್ದೆಗಳು ಕಾಯುತ್ತವೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಒಂದು, 1957ರ ಕಾಪಿರೈಟ್ ಕಾಯ್ದೆ ಇನ್ನೊಂದು. ಟ್ರೇಡ್‌ಮಾರ್ಕ್ ಕಾಯ್ದೆ ನೋಡುವುದು ವ್ಯಾಪಾರವನ್ನು. ಈ ಸಾಮಾನು ಯಾರದ್ದು ಎಂದು ಕೊಳ್ಳುವವರು ಗೊಂದಲಕ್ಕೆ ಬೀಳಬಾರದು, ಒಬ್ಬರು ಗಳಿಸಿದ ಹೆಸರನ್ನು ಇನ್ನೊಬ್ಬರು ಸುಮ್ನೆ ಬಳಸಿ ದುಡ್ಡು ಮಾಡಬಾರದು ಎಂಬುದು ಅದರ ಉದ್ದೇಶ. ಕಾಪಿರೈಟ್ ನೋಡುವುದು ಚಿತ್ರವನ್ನು. ಲೋಗೋ ಎಂದರೆ ಯಾರೋ ಕೂತು ಬಿಡಿಸಿದ ಚಿತ್ರವೇ ಅಲ್ವಾ? ಹಾಗಾಗಿ ಅದನ್ನು ನಕಲು ಮಾಡುವುದೂ ಒಂದು ಪ್ರಶ್ನೆಯೇ.

ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಒಂದು ಕಡೆ ಎಡವುತ್ತಾರೆ. ಇಂಟರ್ನೆಟ್ಟಿನಲ್ಲಿ "ಕಾಪಿರೈಟ್ ಇಲ್ಲ" ಎಂದು ಬರೆದ ಲೋಗೋ ಸಿಕ್ಕ ತಕ್ಷಣ ಇಳಿಸಿಕೊಳ್ಳುತ್ತಾರೆ. ಬರೀ ಅಕ್ಷರಗಳಿಂದ ಮಾಡಿದ ಲೋಗೋಗಳಿಗೆ ಎಷ್ಟೋ ಸಲ ಕಾಪಿರೈಟ್ ಇರುವುದಿಲ್ಲ, ನಿಜ. ಟ್ರೇಡ್‌ಮಾರ್ಕ್ ಮಾತ್ರ ಇದ್ದೇ ಇರುತ್ತದೆ. ಒಂದು ಬಾಗಿಲು ತೆರೆದಿದೆ ಎಂದರೆ ಇನ್ನೊಂದೂ ತೆರೆದಿದೆ ಎಂದಲ್ಲ.

ಇನ್ನೊಂದು ಮಾತು. ಟ್ರೇಡ್‌ಮಾರ್ಕನ್ನು ಸಾಮಾನಿನ ವರ್ಗದ ಪ್ರಕಾರ ನೋಂದಾಯಿಸುತ್ತಾರೆ. ಒಟ್ಟು 45 ವರ್ಗಗಳಿವೆ. ಬಟ್ಟೆ 25ನೇ ವರ್ಗ, ಸ್ಟಿಕ್ಕರ್ ಮತ್ತು ಕಾಗದದ ಸಾಮಾನು 16, ಕಪ್ಪು ಬಸಿ 21, ಆಟಿಕೆ ಮತ್ತು ಮಾದರಿ ವಾಹನಗಳು 28. "ಅವರು ಬೈಕ್ ಮಾಡೋರು, ನಾನು ಮಾಡೋದು ಟೀ ಶರ್ಟ್" ಎಂಬ ವಾದ ಇಲ್ಲಿಂದಲೇ ಹುಟ್ಟಿದ್ದು. ಆದರೆ ದೇಶದಲ್ಲಿ ಒಳ್ಳೆಯ ಹೆಸರು ಮಾಡಿದ ಗುರುತಾದರೆ, ಬೇರೆ ವರ್ಗದ ಸಾಮಾನಿನ ಮೇಲೆ ಹಾಕಿದರೂ ಕಾಯ್ದೆಯ 29ನೇ ಕಲಂ ಪ್ರಕಾರ ಆಕ್ಷೇಪ ಎತ್ತಬಹುದು. ದೊಡ್ಡ ಕಂಪನಿಗಳ ಮುಂದೆ ಆ ವಾದ ನಿಲ್ಲುವುದು ಕಷ್ಟ.

ಶೋಕೇಸಿನ ಬಸ್ಸು, ಆರ್ಡರಿನ ಬಸ್ಸು

ಮಲೆನಾಡಿನಲ್ಲಿ ಬಸ್ಸಿನ ಮೇಲಿನ ಪ್ರೀತಿಯನ್ನು ಬೇರೆ ಕಡೆಯವರಿಗೆ ವಿವರಿಸುವುದು ಕಷ್ಟ. ಘಾಟಿಯ ತಿರುವಿನಲ್ಲಿ ಹಾರ್ನ್ ಕೇಳಿಯೇ ಯಾವ ಬಸ್ಸು ಎಂದು ಹೇಳುವ ಮಕ್ಕಳಿದ್ದಾರೆ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿ ನಡೆಸಿದ ಸಹಕಾರ ಸಾರಿಗೆ ನಿಂತುಹೋಗಿದೆ, ಆದರೂ ಅದರ ಬಸ್ಸನ್ನು ಚಿತ್ರದಲ್ಲಿ ಬಿಡಿಸುವವರು ಇದ್ದಾರೆ. ಹಾಗಾಗಿ ಬಸ್ಸಿನ ಮಾದರಿ ಮಾಡುವವರು ಲೋಗೋ ಹಾಕದೆ ಇರಲಾರರು. ಲೋಗೋ ಇಲ್ಲದ ಕೆಎಸ್‌ಆರ್‌ಟಿಸಿ ಬಸ್ಸು ಸುಮ್ನೆ ಕೆಂಪು ಡಬ್ಬಿ.

ಮಾದರಿ ಮಾಡಿ ನಿಮ್ಮ ಮನೆಯ ಶೋಕೇಸಿನಲ್ಲಿ ಇಟ್ಟಿರಾ? ಗೆಳೆಯನ ಹುಟ್ಟುಹಬ್ಬಕ್ಕೆ ಕೊಟ್ಟಿರಾ? ಇಲ್ಲಿ ವ್ಯಾಪಾರವೇ ಇಲ್ಲ. ಕಾಪಿರೈಟ್ ಕಾಯ್ದೆಯ 52ನೇ ಕಲಂ ಕೂಡ ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಬಳಸಲು ಅವಕಾಶ ಕೊಟ್ಟಿದೆ. ಎಲ್ಲ ದಾರಿಗಳಲ್ಲಿ ಇದೇ ಹಗುರವಾದದ್ದು. ಕಲಿಯುವ ಕಾಲದಲ್ಲಿರುವ ಹುಡುಗರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ: ಮಾಡಿ, ಲೋಗೋದ ಪ್ರತಿ ಗೆರೆಯನ್ನೂ ಗಮನಿಸಿ ಮಾಡಿ. ಕೈ ಪಳಗುವುದೇ ಹಾಗೆ.

ಲೆಕ್ಕ ಬದಲಾಗುವುದು ಆಮೇಲೆ. ಹುಡುಗ ಫೋಟೋ ಹಾಕುತ್ತಾನೆ. ಕೆಳಗೆ ಯಾರೋ "ಬ್ರೋ, ನನಗೂ ಒಂದು ಮಾಡಿಕೊಡಿ, ರೇಟ್ ಎಷ್ಟು?" ಎಂದು ಕೇಳುತ್ತಾರೆ. ಒಬ್ಬರಿಗೆ ಮಾಡಿಕೊಟ್ಟದ್ದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ರೇಡಿಯಂ ಕಟಿಂಗ್ ಅಂಗಡಿಯಲ್ಲಿ ಲೋಗೋದ ಸ್ಟಿಕ್ಕರ್ ಶೀಟು ಒಟ್ಟಿಗೇ ಕತ್ತರಿಸಿ ಇಟ್ಟುಕೊಳ್ಳುತ್ತಾನೆ, ಯಾಕೆಂದರೆ ಒಂದೊಂದೇ ಮಾಡಿಸಿದರೆ ದುಬಾರಿ. ಆ ಶೀಟು ಕೈಗೆ ಬಂದ ಹೊತ್ತಿಗೆ ಅವನ ಹವ್ಯಾಸ ವ್ಯಾಪಾರವಾಗಿದೆ. ಅವನಿಗೆ ಹಾಗೆ ಅನಿಸಿರುವುದಿಲ್ಲ, ಅಷ್ಟೇ. ಲಾಭ ಬಂತೋ ಇಲ್ಲವೋ ಎಂಬುದೂ ಇಲ್ಲಿ ದೊಡ್ಡ ಮಾತಲ್ಲ. ಖರ್ಚಿನ ಮಟ್ಟಿಗೆ ತೆಗೆದುಕೊಂಡೆ ಎಂದರೂ ಅದು ಮಾರಾಟವೇ.

ಕೆಎಸ್‌ಆರ್‌ಟಿಸಿ ಎಂಬ ಇಂಗ್ಲಿಷಿನ ಐದು ಅಕ್ಷರಕ್ಕೆ ಎಷ್ಟು ಬೆಲೆ ಇದೆ ಎಂದು ನೋಡಿ. ಕರ್ನಾಟಕ ಮತ್ತು ಕೇರಳದ ಸಾರಿಗೆ ನಿಗಮಗಳೆರಡೂ ಅದನ್ನೇ ಬಳಸುತ್ತವೆ. ಕರ್ನಾಟಕದ ನಿಗಮಕ್ಕೆ ಸಿಕ್ಕ ನೋಂದಣಿಯನ್ನು ಕೇರಳದ ನಿಗಮ ಪ್ರಶ್ನಿಸಿತು. ಜಗಳ ವರ್ಷಗಟ್ಟಲೆ ನಡೆದು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಸರ್ಕಾರಿ ನಿಗಮಗಳೇ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವ ಗುರುತನ್ನು "ಸರ್ಕಾರದ್ದು ತಾನೇ, ಎಲ್ಲರದ್ದೂ" ಎಂದುಕೊಂಡು ಮಾರಾಟದ ಸಾಮಾನಿಗೆ ಅಂಟಿಸುವುದು ಸರಿಯಲ್ಲ.

ಕರ್ನಾಟಕದ ನಿಗಮದ ಲೋಗೋದಲ್ಲಿರುವ ಗಂಡಭೇರುಂಡದ ಬಗ್ಗೆಯೂ ಹೇಳಬೇಕು, ಏಕೆಂದರೆ ಟೀ ಶರ್ಟ್ ಮಾಡಿಸುವವರು ಅದನ್ನು ಜಾಸ್ತಿ ಕೇಳುತ್ತಾರೆ. ಎರಡು ತಲೆಯ ಆ ಹಕ್ಕಿ ಯಾವ ಕಂಪನಿಯ ಸ್ವತ್ತೂ ಅಲ್ಲ. ಸಾಗರ ತಾಲೂಕಿನ ಕೆಳದಿಗೆ ಹೋಗಿ, ರಾಮೇಶ್ವರ ದೇವಸ್ಥಾನದಲ್ಲಿ ತಲೆ ಎತ್ತಿ ನೋಡಿ. ಕಲ್ಲಿನಲ್ಲಿ ಕೆತ್ತಿದ ಗಂಡಭೇರುಂಡ ಅಲ್ಲಿದೆ. ಅದನ್ನು ನೋಡಿ ನಿಮ್ಮದೇ ಕೈಯಲ್ಲಿ ಬಿಡಿಸಿಕೊಳ್ಳಿ, ಯಾರೂ ಕೇಳುವುದಿಲ್ಲ. ಆದರೆ ರಾಜ್ಯ ಸರ್ಕಾರದ ಲಾಂಛನವನ್ನು ಇದ್ದ ಹಾಗೇ ತೆಗೆದು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಅದಕ್ಕೆ 1950ರಿಂದಲೂ ಬೇರೆ ಕಾಯ್ದೆಯೇ ಇದೆ. ನಿಗಮದ ಲೋಗೋದಲ್ಲಿರುವ ಹಕ್ಕಿಯ ರೂಪ ನಿಗಮದ್ದು. ಹಕ್ಕಿ ಎಲ್ಲರದ್ದು, ಆ ಚಿತ್ರ ಮಾತ್ರ ಅವರದ್ದು.

ಚಿತ್ರದೊಳಗಿನ ಬೋರ್ಡು, ಎದೆಯ ಮೇಲಿನ ಬೋರ್ಡು

ತೀರ್ಥಹಳ್ಳಿಯ ಪೇಟೆಯಲ್ಲಿ ಮಳೆಗಾಲದ ಒಂದು ಸಂಜೆಯನ್ನು ಬಿಡಿಸುತ್ತಿದ್ದೀರಿ ಎಂದುಕೊಳ್ಳಿ. ತಗಡಿನ ಮಾಡಿನಿಂದ ನೀರು ದಾರದ ಹಾಗೆ ಇಳಿಯುತ್ತಿದೆ. ಗೂಡಂಗಡಿಯ ಮುಂದೆ ಒಬ್ಬರು ಒದ್ದೆ ಕಾಲನ್ನು ಒರೆಸಿಕೊಳ್ಳುತ್ತಿದ್ದಾರೆ. ಅಂಗಡಿಯ ನೆತ್ತಿಯ ಮೇಲೆ ತಂಪು ಪಾನೀಯದ ಕಂಪನಿ ಕೊಟ್ಟ ಕೆಂಪು ಬೋರ್ಡು, ಅದರ ಒಂದು ಮೂಲೆಯಲ್ಲಿ ತುಕ್ಕು, ಕಂಪನಿಯ ಹೆಸರು ದೊಡ್ಡದಾಗಿ, ಅಂಗಡಿಯವರ ಹೆಸರು ಕೆಳಗೆ ಸಣ್ಣದಾಗಿ. ಪಕ್ಕದಲ್ಲಿ ಸಿಮ್ ಕಂಪನಿಯ ಬಣ್ಣ ಹೋದ ಕೊಡೆ. ಗೋಡೆಯ ಮೇಲೆ ಸಿಮೆಂಟಿನ ಜಾಹೀರಾತು.

ಈ ಚಿತ್ರದಿಂದ ಲೋಗೋಗಳನ್ನು ಅಳಿಸಿದರೆ ಚಿತ್ರ ಸುಳ್ಳು ಹೇಳುತ್ತದೆ. ನಮ್ಮ ಪೇಟೆಗಳು ಇರುವುದೇ ಹೀಗೆ. ಇಲ್ಲಿ ಲೋಗೋ ಊರಿನ ಭಾಗವಾಗಿ ಬಂದಿದೆ. ನೋಡಿದವರು ಯಾರೂ "ಇದು ಆ ಪಾನೀಯದ ಕಂಪನಿ ಮಾಡಿಸಿದ ಪೇಂಟಿಂಗ್" ಎಂದುಕೊಳ್ಳುವುದಿಲ್ಲ. ಚಿತ್ರ ಮಾರಾಟವಾದರೂ ಕೊಂಡವರು ಕೊಂಡದ್ದು ನಿಮ್ಮ ಮಳೆಯನ್ನು, ನಿಮ್ಮ ಬಣ್ಣವನ್ನು. ಆದ್ದರಿಂದ ಈ ದಾರಿಯಲ್ಲಿ ಅಪಾಯ ಕಡಿಮೆ. ಫೋಟೋಗ್ರಫಿಗೂ ಇದೇ ಮಾತು. 1962ರಲ್ಲಿ ಆಂಡಿ ವಾರ್ಹಾಲ್ ಅಮೆರಿಕದ ಕ್ಯಾಂಬೆಲ್ ಕಂಪನಿಯ ಸೂಪ್ ಡಬ್ಬಿಗಳನ್ನೇ 32 ಚಿತ್ರಗಳಾಗಿ ಬಿಡಿಸಿ ಪ್ರದರ್ಶನಕ್ಕಿಟ್ಟರು. ಕಂಪನಿ ಕೋರ್ಟಿಗೆ ಹೋಗಲಿಲ್ಲ. ಹಾಗಂತ ಎಲ್ಲ ಕಂಪನಿಗಳೂ ಸುಮ್ಮನಿರುತ್ತವೆ ಎಂದು ನಂಬಿಕೊಳ್ಳುವಂತಿಲ್ಲ. ದಿನ ಬಳಸುವ ಸಾಮಾನೂ ಕಲೆಯ ವಸ್ತುವಾಗಬಲ್ಲದು ಎಂಬುದಕ್ಕೆ ಮಾತ್ರ ಅದು ಒಳ್ಳೆಯ ಉದಾಹರಣೆ.

ಈಗ ಅದೇ ಚಿತ್ರದಿಂದ ಕೆಂಪು ಬೋರ್ಡನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಅದನ್ನು ಒಂದು ಮಗ್ಗಿನ ಮೇಲೆ, ಇಲ್ಲವೇ ಟೀ ಶರ್ಟಿನ ಎದೆಯ ಮೇಲೆ ಹಾಕಿ. ಮಳೆ ಹೋಯಿತು, ಊರು ಹೋಯಿತು. ಉಳಿದದ್ದು ಲೋಗೋ. ಕೊಳ್ಳುವವರು ಕೊಳ್ಳುವುದು ಅದನ್ನೇ. ಬಿಡಿಸಿದ ಕೈ ನಿಮ್ಮದೇ ಆದರೂ ಈ ಬಳಕೆ ಪೂರ್ತಿ ಬೇರೆ. ಕಂಪನಿಗಳು ತಾವೇ ಟೀ ಶರ್ಟ್, ಟೋಪಿ, ಕೀ ಚೈನ್ ಮಾರುವ ಕಾಲ ಇದು. ನಿಮ್ಮ ಶರ್ಟನ್ನು ಅವರದ್ದೇ ಎಂದು ಜನ ಭಾವಿಸುವ ಸಾಧ್ಯತೆ ನಿಜವಾಗಿಯೂ ಇದೆ.

ಪ್ರಿಂಟಿಂಗ್ ಅಂಗಡಿಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. "ಸಿಡಿಆರ್ ಫೈಲ್ ಇದ್ಯಾ? ಎಷ್ಟು ಕಲರ್? ಎಷ್ಟು ಪೀಸ್?" ಇಷ್ಟೇ ಪ್ರಶ್ನೆ. ಸ್ಕ್ರೀನ್ ಮಾಡಿ ಬಣ್ಣ ಎಳೆದು ಕೊಡುತ್ತಾರೆ. ಅವರು ಹಾಕಿಕೊಟ್ಟರು ಎಂದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ. ಒಬ್ಬರ ಗುರುತನ್ನು ಅನುಮತಿ ಇಲ್ಲದೆ ಸಾಮಾನಿನ ಮೇಲೆ ಹಾಕಿ ಅಸಲಿಯಂತೆ ಮಾರುವುದು ಕ್ರಿಮಿನಲ್ ಅಪರಾಧ ಕೂಡ. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆಯಲ್ಲಿದೆ. ಊರಿನ ಟೂರ್ನಮೆಂಟಿನ ಜೆರ್ಸಿಗಾಗಿ ಯಾರನ್ನೂ ಜೈಲಿಗೆ ಹಾಕಿಸಲು ಹೊರಡುವುದಿಲ್ಲ, ಹೆದರಿಸಲು ಹೇಳುತ್ತಿಲ್ಲ. ನಕಲಿ ಮಾಲಿನ ದೊಡ್ಡ ದಂಧೆಯ ಮೇಲೆ ಬೀಸುವ ಕೋಲು ಅದು. ಆದರೆ ಐಪಿಎಲ್ ತಂಡದ ಲೋಗೋ ಹಾಕಿದ ಜೆರ್ಸಿಗಳನ್ನು ಮೂಟೆಗಟ್ಟಲೆ ಮಾಡಿಸಿ ಸಂತೆಯಲ್ಲಿ ಮಾರಲು ಕೂತರೆ ಆ ಕೋಲಿನ ಅಳತೆಗೆ ನೀವೂ ಬರುತ್ತೀರಿ.

ತಿರುಚಿ ತಮಾಷೆ ಮಾಡುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಲ್ಲರಿಗೂ ಇಷ್ಟವಾಗುವ ದಾರಿ ಇದೇ, ತಪ್ಪು ತಿಳಿವಳಿಕೆ ಜಾಸ್ತಿ ಇರುವುದೂ ಇಲ್ಲೇ.

"ಶೇಕಡಾ 30ರಷ್ಟು ಬದಲಾಯಿಸಿದರೆ ಆಯ್ತು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಂಥ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಅಕ್ಷರ ಒಂದು ಬದಲಿಸಿದೆ, ಬಣ್ಣ ತಿರುಗಿಸಿದೆ ಎಂಬುದರಿಂದ ಏನೂ ಆಗುವುದಿಲ್ಲ. ನೋಡಿದ ತಕ್ಷಣ ಯಾವ ಕಂಪನಿಯದ್ದು ಎಂದು ಹೊಳೆಯುತ್ತದೆಯಾ? ಹೊಳೆಯಲೇಬೇಕು, ಇಲ್ಲದಿದ್ದರೆ ತಮಾಷೆಯೇ ಹುಟ್ಟುವುದಿಲ್ಲ. ತಿರುಚಿದ ಲೋಗೋಗೆ ಬಲವೂ ಅದೇ, ಅಪಾಯವೂ ಅದೇ.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಕುತ್ತು ಬರುತ್ತದೆ ಎಂದು ಗ್ರೀನ್‌ಪೀಸ್ ಸಂಸ್ಥೆ ಒಂದು ಆನ್‌ಲೈನ್ ಆಟ ಮಾಡಿತು. ಆಮೆ ಓಡಬೇಕು, ಅದನ್ನು ಅಟ್ಟಿಸಿಕೊಂಡು ಬರುವವುಗಳಲ್ಲಿ ಟಾಟಾ ಗುರುತೂ ಇತ್ತು. ಟಾಟಾ ಸನ್ಸ್ 10 ಕೋಟಿ ರೂಪಾಯಿ ಪರಿಹಾರ ಕೇಳಿ, ಆಟವನ್ನು ನಿಲ್ಲಿಸಬೇಕೆಂದು ಕೋರಿ ದೆಹಲಿ ಹೈಕೋರ್ಟಿಗೆ ಹೋಯಿತು. 2011ರ ಜನವರಿಯಲ್ಲಿ ಕೋರ್ಟ್ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಸಾರ್ವಜನಿಕ ವಿಷಯದ ಮೇಲೆ ಟೀಕೆ ಮಾಡಲು ಗುರುತನ್ನು ಬಳಸಿದ್ದಾರೆ, ಮಾತಿನ ಸ್ವಾತಂತ್ರ್ಯವನ್ನೂ ತೂಗಿ ನೋಡಬೇಕು ಎಂಬುದು ಕೋರ್ಟಿನ ನಿಲುವು.

ಇನ್ನೊಂದು ಅಮೆರಿಕದ್ದು. ಜಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯ ಆಕಾರ, ಲೇಬಲ್ ಎಲ್ಲವನ್ನೂ ಅಣಕಿಸಿ ಒಂದು ಕಂಪನಿ ನಾಯಿ ಕಚ್ಚುವ ಆಟಿಕೆ ಮಾಡಿ ಮಾರಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಇನ್ನೊಬ್ಬರ ಗುರುತನ್ನು ನಿಮ್ಮ ಸಾಮಾನಿನ ಗುರುತಾಗಿಯೇ ಬಳಸಿದ ಮೇಲೆ, ತಮಾಷೆ ಎಂಬ ಕಾರಣಕ್ಕೆ ವಿಶೇಷ ರಕ್ಷಣೆ ಸಿಗುವುದಿಲ್ಲ. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಎರಡೂ ಪ್ರಕರಣಗಳ ನಡುವಿನ ಗೆರೆ ನಮಗೂ ಉಪಯೋಗಕ್ಕೆ ಬರುತ್ತದೆ. ಒಂದರಲ್ಲಿ ಲೋಗೋ ಮಾತಾಡಿತು, ಇನ್ನೊಂದರಲ್ಲಿ ಮಾರಿತು.

ಹಾಗಾಗಿ ನನ್ನ ಸಲಹೆ ಹೀಗಿದೆ. ತುಂಗೆಗೆ ಸೇರುವ ಪ್ಲಾಸ್ಟಿಕ್ ಬಗ್ಗೆ ಪೋಸ್ಟರ್ ಮಾಡುತ್ತೀರಿ, ದಡದಲ್ಲಿ ಬಿದ್ದ ಖಾಲಿ ಪೊಟ್ಟಣಗಳ ಲೋಗೋಗಳನ್ನೇ ಮೀನಿನ ಹುರುಪೆಯಾಗಿ ಜೋಡಿಸುತ್ತೀರಿ. ಆ ಕಂಪನಿಗಳ ಪೊಟ್ಟಣವೇ ಅಲ್ಲಿ ಬಿದ್ದಿರುವಾಗ ಅವರ ಲೋಗೋ ಅಲ್ಲಿರಲೇಬೇಕು. ಅದನ್ನು ಮಾಡಿ. ಹೇಳುವ ಮಾತು ನಿಜವಾಗಿರಲಿ, ಆಧಾರ ಕೈಯಲ್ಲಿರಲಿ, ಫೋಟೋ ತೆಗೆದಿಟ್ಟುಕೊಳ್ಳಿ. ಇಂಥ ಕೆಲಸಕ್ಕೆ ಅಂಜಬಾರದು ಎಂದು ನಾನು ಮನಸಾರೆ ನಂಬುತ್ತೇನೆ. ಅದೇ ಬರೀ ನಗಿಸುವುದಕ್ಕೆ ಬೈಕ್ ಕಂಪನಿಯ ಅಕ್ಷರಶೈಲಿಯಲ್ಲಿ "ಮಲೆನಾಡ ಹುಡುಗ" ಎಂದು ಬರೆದ ಶರ್ಟಾದರೆ, ಕಂಪನಿಯ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ. ಅವರ ಹೊಳಪನ್ನು ಎರವಲು ತಂದಿದೆ, ಅಷ್ಟೇ. ನಾಲ್ಕು ಗೆಳೆಯರು ಹಾಕಿಕೊಳ್ಳಲು ಮಾಡಿಸಿ, ಮಾರಾಟಕ್ಕೆ ಬೇಡ. ಆನ್‌ಲೈನ್ ಮಳಿಗೆಗಳು ಇಂಥ ಡಿಸೈನನ್ನು ಕಂಪನಿಯ ಒಂದು ದೂರಿಗೇ ತೆಗೆದುಹಾಕುತ್ತವೆ. ನಿಮ್ಮ ವಾದ ಕೇಳಿಯೇ ತೆಗೆಯುತ್ತಾರೆ ಎಂದು ನಂಬುವ ಹಾಗಿಲ್ಲ.

"ಇದಕ್ಕೂ ಕಂಪನಿಗೂ ಸಂಬಂಧವಿಲ್ಲ" ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆಯುವ ರೂಢಿಯೂ ಇದೆ. ಬರೆದರೆ ಒಳ್ಳೆಯದೇ. ಪೋಸ್ಟರಿನಲ್ಲಿ ಅದು ಸಹಾಯ ಮಾಡಬಹುದು. ಎದೆಯ ತುಂಬಾ ಲೋಗೋ ಇಟ್ಟುಕೊಂಡು ಕತ್ತಿನ ಲೇಬಲ್ಲಿನಲ್ಲಿ ಹಾಗೆ ಬರೆದರೆ ಓದುವವರು ಯಾರು?

ಹೆಸರು ಮಾತ್ರ ಬರೆಯುವುದು

ಈ ದಾರಿಯನ್ನು ಜನ ಮರೆತೇಬಿಡುತ್ತಾರೆ. ಕಂಪನಿಯ ಸಾಮಾನನ್ನು ಗುರುತಿಸಿ ಹೇಳುವುದಕ್ಕೆ ಅದರ ಹೆಸರನ್ನು ಪ್ರಾಮಾಣಿಕವಾಗಿ ಬಳಸಬಹುದು ಎಂದು ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಆ ಹೆಸರಿನ ಕೀರ್ತಿಯನ್ನು ಅನ್ಯಾಯವಾಗಿ ಬಳಸಿಕೊಳ್ಳಬಾರದು ಎಂಬ ಷರತ್ತು ಇದೆ. ನಿಮ್ಮ ಅಪ್ಪನ ಯಮಹಾ ಆರ್‌ಎಕ್ಸ್ 100 ಬಗ್ಗೆ ಸಚಿತ್ರ ಪುಸ್ತಕ ಮಾಡುತ್ತೀರಾ? ಬೈಕಿನ ಹೆಸರನ್ನು ಸಾದಾ ಅಕ್ಷರದಲ್ಲಿ ಬರೆಯಿರಿ, ಬೈಕನ್ನು ನಿಮ್ಮ ಗೆರೆಯಲ್ಲೇ ಬಿಡಿಸಿ. ಕಂಪನಿಯ ಲೋಗೋವನ್ನು ಮುಖಪುಟದಲ್ಲಿ ಕೂರಿಸಬೇಡಿ. ಕಥೆಗೆ, ಲೇಖನಕ್ಕೆ, ವಿಡಿಯೋದ ಶೀರ್ಷಿಕೆಗೆ ಇಷ್ಟು ಸಾಕಾಗುತ್ತದೆ.

ಕೇಳಿ ನೋಡುವುದು

ಮಾರಾಟದ ಕೆಲಸಕ್ಕೆ ಲೋಗೋ ಬೇಕೇ ಬೇಕು ಎಂದಾದರೆ ಇದೊಂದೇ ಭದ್ರವಾದ ದಾರಿ. "ಅಷ್ಟು ದೊಡ್ಡ ಕಂಪನಿ ನನಗೆಲ್ಲಿ ಉತ್ತರ ಕೊಡುತ್ತೆ" ಎಂದು ಕೇಳದೆ ಬಿಡುತ್ತಾರೆ. ದೊಡ್ಡವರು ಉತ್ತರ ಕೊಡುವುದು ಅಪರೂಪ, ಹೌದು. ಆದರೆ ನಮ್ಮವರು ಪ್ರೀತಿಸುವ ಲೋಗೋಗಳಲ್ಲಿ ಎಷ್ಟೋ ಇಲ್ಲಿನವೇ: ಖಾಸಗಿ ಬಸ್ ಮಾಲೀಕರದ್ದು, ಕಾಫಿ ಪುಡಿ ಅಂಗಡಿಯದ್ದು, ಅಡಿಕೆ ಸಹಕಾರ ಸಂಘದ್ದು, ಹೋಟೆಲಿನದ್ದು. ಇವರ ಕಚೇರಿಗೆ ನಡೆದುಕೊಂಡೇ ಹೋಗಬಹುದು. ಮಾಡಿದ ಮಾದರಿಯನ್ನು ಕೈಯಲ್ಲಿ ಹಿಡಿದು ಹೋದರೆ ಇನ್ನೂ ಒಳ್ಳೆಯದು. ತಮ್ಮ ಬಸ್ಸಿನ ಮೇಲೆ ಒಬ್ಬ ಹುಡುಗ ಇಷ್ಟು ಅಕ್ಕರೆ ಇಟ್ಟಿದ್ದಾನೆ ಎಂದು ಕಂಡರೆ ಮಾಲೀಕರ ಮುಖ ಅರಳುತ್ತದೆ.

ಬಾಯಿಮಾತಿನ "ಅಯ್ಯೋ ಮಾಡ್ಕೊಳಪ್ಪ" ಮಾತ್ರ ಸಾಲದು. ಮಾಲೀಕರು ಬದಲಾಗಬಹುದು, ಮಕ್ಕಳ ಕಾಲಕ್ಕೆ ಮಾತು ಮರೆತುಹೋಗಬಹುದು. ಒಂದು ಪುಟದ ಪತ್ರ ಬರೆದು ಸಹಿ ಹಾಕಿಸಿಕೊಳ್ಳಿ, ಇಲ್ಲವೇ ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ನಾನು ಬರೆಸುವುದು ಹೆಚ್ಚುಕಡಿಮೆ ಹೀಗೆ:

"ಮಾನ್ಯರೇ, ನಾನು ಹವ್ಯಾಸಕ್ಕಾಗಿ ಬಸ್ಸಿನ ಮಾದರಿಗಳನ್ನು ಮಾಡುತ್ತೇನೆ. ನಿಮ್ಮ ಸಂಸ್ಥೆಯ ಬಸ್ಸಿನ ಮಾದರಿಯ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ಇಂಥ 20 ಮಾದರಿಗಳನ್ನು ಈ ವರ್ಷ ಮಾರಬೇಕೆಂದಿದ್ದೇನೆ. ಮಾದರಿಯ ಎರಡೂ ಬದಿಯಲ್ಲಿ ನಿಮ್ಮ ಸಂಸ್ಥೆಯ ಹೆಸರು ಮತ್ತು ಲೋಗೋ ಇರುತ್ತದೆ. ಬೇರೆ ಯಾವ ಸಾಮಾನಿನ ಮೇಲೂ ಬಳಸುವುದಿಲ್ಲ. ಇದಕ್ಕೆ ನಿಮ್ಮ ಲಿಖಿತ ಒಪ್ಪಿಗೆ ಕೋರುತ್ತೇನೆ. ಷರತ್ತುಗಳಿದ್ದರೆ ದಯವಿಟ್ಟು ತಿಳಿಸಿ."

ಏನು, ಎಷ್ಟು, ಎಲ್ಲಿ, ಎಷ್ಟು ದಿನ ಎಂಬುದು ಪತ್ರದಲ್ಲಿ ಬರಬೇಕು. "ನಿಮ್ಮ ಲೋಗೋ ಬಳಸಬಹುದಾ" ಎಂದಷ್ಟೇ ಕೇಳಿದರೆ ಇಲ್ಲ ಎನ್ನುವುದು ಅವರಿಗೆ ಸುಲಭ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಮತ್ತೊಮ್ಮೆ ನೆನಪಿಸಿ, ಆಮೇಲೂ ಮೌನವಾದರೆ ಬೇರೆ ದಾರಿ ನೋಡಿ.

ಸ್ವಂತದ್ದು ಮಾಡಿಕೊಳ್ಳುವುದು

ಕಿರುಚಿತ್ರ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದು. ಪಾತ್ರಧಾರಿ ಅಂಗಡಿಯಲ್ಲಿ ಟೀ ಕುಡಿಯುವಾಗ ಹಿಂದೆ ಯಾವುದೋ ಲೋಗೋ ಕಂಡರೆ ಚಿಂತೆ ಇಲ್ಲ. ಆದರೆ ತೋಟಕ್ಕೆ ಹೊಡೆಯುವ ಔಷಧಿಯಿಂದ ಒಬ್ಬ ಸಾಯುವುದೇ ಕಥೆಯಾದರೆ, ಆ ಡಬ್ಬಿಯ ಮೇಲೆ ನಿಜವಾದ ಕಂಪನಿಯ ಹೆಸರು ಯಾಕೆ? ಅವರ ಸಾಮಾನಿಗೆ ಸುಮ್ಮಸುಮ್ಮನೆ ಕೆಟ್ಟ ಹೆಸರು ತಂದ ಹಾಗಾಗುತ್ತದೆ. ಒಂದು ಲೇಬಲ್ ನೀವೇ ಡಿಸೈನ್ ಮಾಡಿ ಅಂಟಿಸಿ. ಚೆನ್ನಾಗಿ ಮಾಡಿದ ಸುಳ್ಳು ಲೇಬಲ್ ಚಿತ್ರಕ್ಕೆ ಒಂದು ಲೋಕವನ್ನೇ ಕಟ್ಟಿಕೊಡುತ್ತದೆ. ನಿಮ್ಮ ಊರಿನ ಹಳ್ಳದ ಹೆಸರೋ ಮನೆತನದ ಹೆಸರೋ ಇಟ್ಟರೆ ಅದಕ್ಕೆ ಮಣ್ಣಿನ ವಾಸನೆಯೂ ಬರುತ್ತದೆ.

ಹೆಸರಿಡುವ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೆಸರು ಮತ್ತು ವರ್ಗದ ನಂಬರು ಹಾಕಿದರೆ ಯಾರು ನೋಂದಾಯಿಸಿದ್ದಾರೆ, ಯಾರು ಅರ್ಜಿ ಹಾಕಿದ್ದಾರೆ ಎಂದು ಬರುತ್ತದೆ. ಮುಂದೆ ನಿಮ್ಮದೇ ಗುರುತನ್ನು ನೋಂದಾಯಿಸಬೇಕೆನಿಸಿದರೆ, ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಹಾಕುವ ಅರ್ಜಿಗೆ ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ.

ಎಷ್ಟು ಬೇರೆಯಾಗಿದ್ದರೆ ಸಾಕು? ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಹಾಲು ಮಹಾಮಂಡಳ 1985ರಿಂದ ನಂದಿನಿ ಹೆಸರು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಬಳಸುತ್ತಿದ್ದಾರೆ, ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜುಲೈನಲ್ಲಿ ಹೋಟೆಲಿನವರ ಪರ ತೀರ್ಪು ಬಂತು. ಒಂದರ ಲೋಗೋದಲ್ಲಿ ಹಸು, ಇನ್ನೊಂದರಲ್ಲಿ ದೀಪ. ಒಂದು ಹಾಲು, ಇನ್ನೊಂದು ಊಟ. ಜನ ಗೊಂದಲಕ್ಕೆ ಬೀಳುವುದಿಲ್ಲ ಎಂದು ಕೋರ್ಟ್ ಕಂಡಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರು ಬಿಟ್ಟುಕೊಡಬೇಕಾಯಿತು. ದೇವರ ಹಸುವಿನ ಹೆಸರು ಯಾರೊಬ್ಬರ ಸ್ವತ್ತಲ್ಲ ಎಂಬುದು ಸಮಾಧಾನದ ವಿಷಯ. ಆದರೆ ಅಷ್ಟು ದೂರ ಹೋಗಿ ಗೆಲ್ಲುವ ಶಕ್ತಿ ಮನೆಯಲ್ಲಿ ಕೂತು ಚೀಲ ಹೊಲಿಯುವವರಿಗೆ ಎಲ್ಲಿಂದ ಬರಬೇಕು? ಹೆಸರೂ ಬೇರೆ, ಚಿತ್ರವೂ ಬೇರೆ, ಬಣ್ಣವೂ ಬೇರೆ ಇರಲಿ.

ಸ್ವಂತದ್ದು ಬೇಡ, ಎಲ್ಲರಿಗೂ ಗೊತ್ತಿರುವ ಗುರುತೇ ಬೇಕು ಎನ್ನುವವರಿಗೆ ಲಿನಕ್ಸ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರಿನ ಪೆಂಗ್ವಿನ್ ಇದೆ. 1996ರಲ್ಲಿ ಲ್ಯಾರಿ ಯೂಯಿಂಗ್ ಬಿಡಿಸಿದ ಟಕ್ಸ್ ಅದು. ಬಳಸಿ, ಬದಲಾಯಿಸಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ಎಂದು ಅವರೇ ಬಿಟ್ಟುಕೊಟ್ಟಿದ್ದಾರೆ. ಕಾಲೇಜಿನ ಕಂಪ್ಯೂಟರ್ ಕ್ಲಬ್ಬಿನ ಶರ್ಟಿಗೆ ಇದಕ್ಕಿಂತ ಒಳ್ಳೆಯದು ಸಿಗದು.

ಮುಚ್ಚಿಹೋದ ಕಂಪನಿಯ ಲೋಗೋ

"ಆ ಕಂಪನಿಯೇ ಇಲ್ಲ, ಇನ್ನು ಕೇಳೋರು ಯಾರು?" ಹಳೆಯ ಬೆಂಕಿಪೊಟ್ಟಣ, ಹಳೆಯ ಬೈಕು, ಹಳೆಯ ಸೋಡಾ ಬಾಟಲಿಯ ಲೇಬಲ್ ಇಷ್ಟಪಡುವವರು ಹೀಗೆ ಹೇಳುತ್ತಾರೆ. ಟ್ರೇಡ್‌ಮಾರ್ಕ್ ನೋಂದಣಿ 10 ವರ್ಷದ್ದು. ನವೀಕರಿಸುತ್ತಾ ಹೋದರೆ ಕೊನೆಯೇ ಇಲ್ಲ. ಕಂಪನಿ ಮುಚ್ಚಿದರೂ ಹೆಸರನ್ನು ಬೇರೆಯವರು ಕೊಂಡಿರಬಹುದು. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ನಿಂತಿತು. ಅದಾಗಿ ದಶಕಗಳ ನಂತರವೂ ಯೆಜ್ಡಿ ಎಂಬ ಹೆಸರು ಯಾರಿಗೆ ಸೇರಬೇಕೆಂದು ಕರ್ನಾಟಕ ಹೈಕೋರ್ಟಿನಲ್ಲಿ ವಾದ ನಡೆಯಿತು. ಈಗ ಆ ಹೆಸರಿನ ಹೊಸ ಬೈಕುಗಳೇ ರಸ್ತೆಯಲ್ಲಿವೆ. ಮನೆಯ ಗೋಡೆಗೆ ಹಳೆಯ ಲೇಬಲ್ಲಿನ ಚಿತ್ರ ಬರೆದುಕೊಳ್ಳಿ, ಸಂತೋಷ. ಮಾರುವುದಾದರೆ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಒಮ್ಮೆ ಹುಡುಕದೆ ಮುಂದೆ ಹೋಗಬೇಡಿ.

ನೋಟಿಸ್ ಬಂದರೆ

ಬಂದ ನೋಟಿಸನ್ನು ಡ್ರಾಯರಿಗೆ ಹಾಕಿ ಮರೆಯಬೇಡಿ. ಮೊದಲು ಮಾರಾಟ ನಿಲ್ಲಿಸಿ, ಆನ್‌ಲೈನಿನಲ್ಲಿ ಹಾಕಿದ್ದನ್ನು ತೆಗೆಯಿರಿ, ಎಷ್ಟು ಮಾಡಿದ್ದಿರಿ, ಎಷ್ಟು ಮಾರಿದಿರಿ ಎಂದು ಬರೆದಿಟ್ಟುಕೊಳ್ಳಿ. ಸಣ್ಣ ಪ್ರಮಾಣದ ಕೆಲಸವಾದರೆ, ನಿಲ್ಲಿಸಿದ್ದೇವೆ ಎಂಬ ಉತ್ತರದಲ್ಲೇ ವಿಷಯ ಮುಗಿಯಬಹುದು. ಆದರೆ ಅವರು ಕಳಿಸಿದ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಅದರಲ್ಲಿ ತಪ್ಪೊಪ್ಪಿಗೆಯೂ ಪರಿಹಾರದ ಮೊತ್ತವೂ ಸೇರಿರಬಹುದು. ಕೆಲವು ಮಿತಿಗಳೊಳಗೆ ಕಂಪನಿ ತಾನು ವ್ಯವಹಾರ ನಡೆಸುವ ಊರಿನ ಕೋರ್ಟಿನಲ್ಲೇ ದಾವೆ ಹೂಡಬಹುದು ಎಂಬುದು ನೆನಪಿರಲಿ. ಶಿವಮೊಗ್ಗದಿಂದ ದೆಹಲಿಗೋ ಮುಂಬೈಗೋ ಓಡಾಡುವುದು ಯಾರಿಗೂ ಬೇಡ.

ನಿಮ್ಮದು ಟೀಕೆಯ ಪೋಸ್ಟರ್ ಆಗಿದ್ದರೆ, ಊರಿನ ಚಿತ್ರವಾಗಿದ್ದರೆ, ಕೂಡಲೇ ಕೈಬಿಡಬೇಕಾಗಿಲ್ಲ. ಉತ್ತರ ಕೊಡುವ ಅವಧಿಯೊಳಗೆ ವಕೀಲರನ್ನು ನೋಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಕೇಳಬಹುದು. ಹೋಗುವಾಗ ನೋಟಿಸಿನ ಜೊತೆ ನಿಮ್ಮ ಕೃತಿಯ ಫೋಟೋ, ಸ್ಕೆಚ್ಚಿನ ಹಾಳೆಗಳು, ಯಾವಾಗ ಮಾಡಿದಿರಿ ಎಂಬ ದಾಖಲೆ, ಕಂಪನಿಗೆ ಬರೆದ ಪತ್ರ ಇದ್ದರೆ ಅದರ ಪ್ರತಿ, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ.